ಮಡಿಕೆಯ ಆಚೆಗಿನ ಸಾಲು

ನಾನು ಓದಿದ್ದು ಏಳನೇ ತರಗತಿ. ಅದನ್ನೂ ಪೂರ್ತಿ ಓದಿದೆನೆಂದರೆ ನಮ್ಮ ಮೇಷ್ಟ್ರು ಒಪ್ಪಲಿಕ್ಕಿಲ್ಲ. ಏನನ್ನೇ ಆಗಲಿ ಅರ್ಧ ಓದಿ, ಮಿಕ್ಕದ್ದು ಹೀಗೇ ಇರಬೇಕು ಎಂದು ಊಹಿಸಿಕೊಳ್ಳುವುದು ನನ್ನ ಚಾಳಿ. ಮದುವೆಯ ಕಾಗದದಲ್ಲಿ ಊಟದ ಹೊತ್ತು ಸಿಕ್ಕಿದರೆ ಸಾಕು, ಛತ್ರದ ಹೆಸರು ನೋಡುವುದಿಲ್ಲ. ಹೀಗೆ ಒಮ್ಮೆ ಯಾರದೋ ಮದುವೆಯಲ್ಲಿ ಹೋಳಿಗೆ ತಿಂದು ಬಂದದ್ದೂ ಉಂಟು. ಈ ಚಾಳಿಯಿಂದ ಕೆಡುಕಾದರೆ ನನಗೊಬ್ಬನಿಗೇ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅದು ನನ್ನ ಅಕ್ಕ ಸಲೋಮಿಯ ತನಕ ಹೋಯಿತು.

ಭದ್ರಾವತಿಯ ಕಾಗದನಗರದಲ್ಲಿರುವ ನಮ್ಮ ಚಿಕ್ಕ ಚರ್ಚಿನಲ್ಲಿ ಹೊಸ ವರ್ಷದ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ವಾಗ್ದಾನದ ಚೀಟಿ ಎತ್ತುವ ಪದ್ಧತಿ ಇದೆ. ಬೈಬಲಿನಿಂದ ಆರಿಸಿದ ವಚನಗಳನ್ನು ಚೀಟಿಗಳಲ್ಲಿ ಬರೆದು, ಮಡಿಸಿ, ತಟ್ಟೆಯಲ್ಲಿ ಇಟ್ಟಿರುತ್ತಾರೆ. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಳ್ಳಬೇಕು. ಕೈಗೆ ಬಂದದ್ದು ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು. ಕಾಗದ ತೆಳುವಾಗಿದ್ದರೆ ಅಕ್ಷರ ಹೊರಗೇ ಕಾಣುತ್ತದೆ. ಕಣ್ಣು ಮುಚ್ಚಿ ಪ್ರಾರ್ಥಿಸುತ್ತ ಎತ್ತುವವರೂ ಇದ್ದಾರೆ, ಒಂದು ಕಣ್ಣು ಮಾತ್ರ ಮುಚ್ಚುವವರೂ ಇದ್ದಾರೆ.

ನಮ್ಮ ಪಾದ್ರಿಗಳಿಗೆ, ನಾವು ಅಯ್ಯನವರು ಎನ್ನುತ್ತೇವೆ, ಈ ಪದ್ಧತಿ ಅಷ್ಟಾಗಿ ಹಿಡಿಸದು. ನಾನು ನಲ್ಲಿ, ಪೈಪು ರಿಪೇರಿ ಮಾಡುವವನು. ಅವರ ಮನೆಯ ಸಿಂಕ್ ಕಟ್ಟಿಕೊಂಡಿತ್ತೆಂದು ಹೋದಾಗ, ನಾನು ಅದರ ಕೆಳಗೆ ಮಲಗಿದ್ದಷ್ಟು ಹೊತ್ತೂ ಅವರು ಆರಾಧನೆಯಲ್ಲಿ ವೇದ ಓದುವ ಕ್ರಮದ ಇತಿಹಾಸ ಹೇಳಿದರು. ಯೆಹೂದ್ಯರು ಮೋಶೆಯ ಧರ್ಮಶಾಸ್ತ್ರವನ್ನು ಶನಿವಾರದ ಸಬ್ಬತ್ತಿನಿಂದ ಸಬ್ಬತ್ತಿಗೆ ಸಾಲಾಗಿ ಓದಿಕೊಂಡು ಹೋಗುತ್ತಿದ್ದರಂತೆ. ಮೊದಲ ಕಾಲದ ಕ್ರೈಸ್ತರು ಹೊತ್ತು ಇದ್ದಷ್ಟು ಓದುತ್ತಿದ್ದರಂತೆ. ಆಮೇಲೆ ಹಬ್ಬಗಳು ಬಂದವು, ಹಬ್ಬಕ್ಕೊಂದು ಭಾಗ ಗೊತ್ತಾಯಿತು, ನಡುವಿನ ಭಾನುವಾರಗಳೂ ತುಂಬಿಕೊಂಡವು. ಈಗ ಕಥೋಲಿಕರದು ಮೂರು ವರ್ಷದ ಸುತ್ತು. ಒಂದು ವರ್ಷ ಮತ್ತಾಯನ ಸುವಾರ್ತೆ, ಮುಂದಿನ ವರ್ಷ ಮಾರ್ಕ, ಅದರ ಮುಂದಿನ ವರ್ಷ ಲೂಕ. ಯೋಹಾನ ನಡುನಡುವೆ ಬಂದು ಹೋಗುತ್ತಾನೆ. ಶಿವಮೊಗ್ಗದಲ್ಲಿ ಓದಿದ್ದನ್ನೇ ಆ ಭಾನುವಾರ ರೋಮಿನಲ್ಲೂ ಓದುತ್ತಾರೆ. ಕಥೋಲಿಕರಿಂದ ಬೇರೆಯಾದ ಚರ್ಚಿನ ಸುಧಾರಕರಲ್ಲಿ ಕೆಲವರು ಆ ಪಟ್ಟಿಯನ್ನೇ ಬದಿಗಿಟ್ಟು, ಒಂದು ಪುಸ್ತಕ ಹಿಡಿದರೆ ಮುಗಿಯುವ ತನಕ ಬಿಡದೆ ಬೋಧಿಸಿದರಂತೆ. ಶಾಮಿಯಾನ ಹಾಕಿ ಕೂಟ ನಡೆಸುವ ಬೋಧಕರಿಗಂತೂ ಅವತ್ತು ಪವಿತ್ರಾತ್ಮ ತೋರಿಸಿದ್ದೇ ಭಾಗ.

"ಎಲ್ಲಿ ಶುರು ಮಾಡ್ಬೇಕು ಅನ್ನೋದು ಕಷ್ಟ ಅಲ್ಲ ಸ್ಯಾಮಿ, ಎಲ್ಲಿ ನಿಲ್ಲಿಸ್ಬೇಕು ಅನ್ನೋದು" ಎಂದರು ಅಯ್ಯನವರು. ಶಾಪದ ಮಾತು ಬಂದ ಕಡೆ ಒಂದೆರಡು ವಚನ ಹಾರಿಸಿ ಓದುವ ಪಟ್ಟಿಗಳೂ ಇವೆಯಂತೆ. ದೊಡ್ಡ ದೊಡ್ಡ ಪಂಡಿತರಿಗೂ ನನ್ನ ಚಾಳಿ ಇದೆ ಎಂದು ತಿಳಿದು ನನಗೆ ಒಂದು ಗಳಿಗೆ ಸಮಾಧಾನವಾಯಿತು. ಒಂದೇ ಗಳಿಗೆ.

ಯಾಕೆಂದರೆ ಮೂರು ವರ್ಷದ ಹಿಂದೆ ನಾನು ಎತ್ತಿದ ಚೀಟಿಯಲ್ಲಿ ಮರಣದ ನೆರಳಿನ ಕಣಿವೆಯಲ್ಲಿ ನಡೆಯುವ ವಚನ ಇತ್ತು. ಅದೇ ತಿಂಗಳು ನನಗೆ ಹರ್ನಿಯಾ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಮರಣ ಎಂಬ ಪದ ಕಂಡದ್ದೇ ಚೀಟಿಯನ್ನು ಮತ್ತೆ ಮಡಿಸಿಬಿಟ್ಟೆ. ಮಡಿಕೆಯ ಆಚೆ ಇನ್ನೊಂದು ಸಾಲು ಇದೆಯೆಂದು ನೋಡಲೇ ಇಲ್ಲ. ಆರಾಧನೆ ಮುಗಿಸಿ, ಹಬ್ಬಕ್ಕೆಂದು ಬಂದಿದ್ದ ಅಕ್ಕನೂ ಸೇರಿ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅಕ್ಕ ತನ್ನ ಚೀಟಿಯನ್ನು ಅಲ್ಲೇ ಬಿಚ್ಚುವವಳಲ್ಲ. ಶಿವಮೊಗ್ಗಕ್ಕೆ, ನವುಲೆಯ ಮನೆಗೆ ಹೋದ ಮೇಲೆ ಭಾವನ ಎದುರಿಗೇ ಬಿಚ್ಚುವುದು ಅವಳ ಕ್ರಮ. ಅವಳು ಅಡುಗೆಮನೆಯಲ್ಲಿದ್ದಾಗ ಮಂಚದ ಮೇಲಿದ್ದ ಅವಳ ಬೈಬಲಿನಿಂದ ಚೀಟಿ ತೆಗೆದು ನೋಡಿದೆ. ನೀರಿನ ಬಳಿ ನೆಟ್ಟ ಮರದಂತಿರುವವನು ಮಾಡಿದ್ದೆಲ್ಲ ಸಫಲವಾಗುತ್ತದೆ ಎಂದಿತ್ತು. ಅದನ್ನು ನಾನು ಇಟ್ಟುಕೊಂಡು ನನ್ನದನ್ನು ಅಲ್ಲಿಟ್ಟೆ.

ಆಪರೇಷನ್ ಎಷ್ಟು ಸಲೀಸಾಗಿ ಆಯಿತೆಂದರೆ ಮೂರನೇ ದಿನಕ್ಕೆ ಮೀನು ಸಾರು ಕೇಳಿ ನರ್ಸಿನಿಂದ ಬೈಸಿಕೊಂಡೆ. ಮಾರ್ಚಿನಲ್ಲಿ ಭಾವ ಎದೆನೋವೆಂದು ಕುಳಿತವರು ಏಳಲಿಲ್ಲ.

ಅಕ್ಕ ಅತ್ತಳು, ಆದರೆ ಕುಸಿಯಲಿಲ್ಲ. ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳು. ದೇವರು ಜನವರಿಯಲ್ಲೇ ತನಗೆ ತಿಳಿಸಿದ್ದನಂತೆ. ಕಣಿವೆ ಬರುತ್ತದೆ, ಹೆದರಬೇಡ, ಜೊತೆಗಿರುತ್ತೇನೆ ಎಂದಿದ್ದನಂತೆ. ಮಡಿಕೆಯ ಆಚೆ ಇದ್ದದ್ದು ಆ ಜೊತೆಗಿರುವ ಮಾತು ಎಂದು ನನಗೆ ಗೊತ್ತಾದದ್ದು ಆವತ್ತು. ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಬೆಂಚಿನ ಕೆಳಗೆ ಬಿದ್ದ ಏನನ್ನೋ ಹುಡುಕುವವನಂತೆ ಬಗ್ಗಿದ್ದೆ.

ಹೇಳಿಬಿಟ್ಟರೆ ನನ್ನ ಎದೆ ಹಗುರವಾಗುತ್ತದೆ, ಅವಳು ಹಿಡಿದುಕೊಂಡ ಕೋಲು ಮುರಿಯುತ್ತದೆ. ಈ ತರ್ಕ ನನಗೆ ಬಹಳ ಅನುಕೂಲವಾಗಿತ್ತು. ಅದರ ನೆರಳಿನಲ್ಲೇ ಮೂರು ವರ್ಷ ಕಳೆದೆ. ಶಿವಮೊಗ್ಗದ ರವೀಂದ್ರನಗರದಲ್ಲಿ ಕೆಲಸಕ್ಕೆ ಹೋದರೂ ನವುಲೆಗೆ ಹೋಗದೆ ಭದ್ರಾವತಿಯ ಬಸ್ಸು ಹತ್ತುತ್ತಿದ್ದೆ. ಕೊನೆಗೆ ಈ ವರ್ಷ ಅವಳೇ ಕರೆಸಿದಳು. ಭಾವನ ಸಮಾಧಿಗೆ ಕಲ್ಲು ಹಾಕಿಸಬೇಕು, ಅದರ ಮೇಲೆ ಆ ವಚನ ಕೆತ್ತಿಸಬೇಕು, ಕಲ್ಲಿನವನ ಹತ್ತಿರ ನೀನೇ ಮಾತಾಡು ಎಂದು ಚೀಟಿಯನ್ನು ನನ್ನ ಕೈಗಿಟ್ಟಳು.

ಕಾಗದವಾದರೆ ಹರಿಯುತ್ತದೆ, ಕಲ್ಲಿನ ಮೇಲೆ ಸುಳ್ಳು ಕೂರಿಸಲು ನನ್ನಿಂದ ಆಗಲಿಲ್ಲ. ಹೇಳಿದೆ.

ಅಕ್ಕ ಚೀಟಿಯನ್ನು ನನ್ನ ಕೈಯಿಂದ ವಾಪಸ್ಸು ತೆಗೆದುಕೊಂಡಳು. ಆಮೇಲೆ ತನ್ನದರಲ್ಲಿ ಏನಿತ್ತು ಎಂದು ಕೇಳಿದಳು. ಮರದ ವಿಷಯ ಹೇಳಿದೆ.

"ಅದು ನನ್ನ ಕೈಲಿದ್ದಿದ್ರೆ, ಅವರು ಹೋದ ದಿನ ದೇವರ ಹತ್ರ ಜಗಳಕ್ಕೆ ನಿಲ್ತಿದ್ದೆ" ಎಂದಳು. ನಾನು ಸ್ವಲ್ಪ ತಲೆ ಎತ್ತಿದೆ. "ಹಂಗಂತ ನೀನು ಮಾಡಿದ್ದು ಒಳ್ಳೇದು ಅಂದ್ಕೋಬೇಡ. ಕಳ್ಳತನ ಅದು. ಸಾವು ಅಂತ ಓದಿ ಅಕ್ಕನ ಕೈಗೆ ದಾಟಿಸ್ದೆಯಲ್ಲೋ."

ತಲೆ ಮತ್ತೆ ಬಗ್ಗಿತು. ಹಾಗಾದರೆ ಕಲ್ಲಿನ ಮೇಲೆ ಆ ವಚನ ಬೇಡವೇ ಎಂದು ಕೇಳಿದೆ.

"ಯಾಕೆ ಬೇಡ? ಚೀಟಿ ಯಾರದ್ದಾದ್ರೇನು ಮಾರಾಯ, ಆ ದಾರೀಲಿ ನಡೆದೋಳು ನಾನು. ಅದನ್ನೇ ಕೆತ್ತಿಸು."

ಆದರೆ ನನ್ನೊಬ್ಬನನ್ನೇ ಕಳಿಸಲಿಲ್ಲ. ಕಲ್ಲು ಸಿದ್ಧವಾದ ದಿನ ತಾನೂ ಬಂದಳು. ಕೆತ್ತುವ ಸಾಬರು ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ತಪ್ಪಿದ್ದರೆ ಈಗಲೇ ಹೇಳಿ ಎಂದರು. ಅಕ್ಕ ನನ್ನನ್ನು ಕಲ್ಲಿನ ಮುಂದೆ ಕೂರಿಸಿ, ಮೊದಲಿಂದ ಕೊನೆಯ ತನಕ ಗಟ್ಟಿಯಾಗಿ ಓದು ಎಂದಳು. ನಾನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದೆ. ಸಾಬರಿಗೆ ತಾಳ್ಮೆ ತಪ್ಪಿತು. ಅಮ್ಮಾ, ನಿಮಗೆ ಓದೋಕೆ ಬರಲ್ವಾ ಎಂದು ಕೇಳಿದರು.

"ನಂಗೆ ಬರುತ್ತೆ ಸಾಬ್ರೇ" ಎಂದಳು ಅಕ್ಕ. "ಇವನು ಕಲೀತಿದಾನೆ. ಸ್ವಲ್ಪ ಹೊತ್ತಾಗುತ್ತೆ, ಕೂತ್ಕೊಳ್ಳಿ."