ಗೋಡೆ ಗಡಿಯಾರದ ಯಜಮಾನಿ

ಗಡಿಯಾರ ರಿಪೇರಿ ಮಾಡುತ್ತಿದ್ದ ಅಜ್ಜನ ಮನೆಯ ಗೋಡೆ ಗಡಿಯಾರ ಒಂದು ದಿನವೂ ತಪ್ಪಿದ್ದಿಲ್ಲ. ಅದನ್ನೇ ನೋಡಿಕೊಂಡು ಅಜ್ಜಿ ಮೂರು ಮಕ್ಕಳನ್ನು ಶಾಲೆಗೆ ಅಟ್ಟಿದಳು, ಆಮೇಲೆ ಮೊಮ್ಮಕ್ಕಳನ್ನೂ. ಅಂಗಡಿಗೆ ಹೊರಡಲು ಮೀನಮೇಷ ಎಣಿಸುತ್ತಿದ್ದ ಗಂಡನನ್ನಂತೂ ದಿನಾ ಬೈದೇ ಕಳಿಸುತ್ತಿದ್ದಳು.

"ಮೂವತ್ತು ವರ್ಷ ಆಯ್ತು, ಒಂದ್ಸಲಾನೂ ಬಿಚ್ಚಿಲ್ಲ. ನನ್ನ ಕೈಗುಣ!" ಎಂದು ಅಜ್ಜ ಬಂದವರೆದುರು ಬೀಗುತ್ತಿದ್ದ.

"ಹೂಂ, ನಿಮ್ದೇ ಕೈಗುಣ," ಎಂದು ಅಜ್ಜಿ ಮೂತಿ ತಿರುವಿ ಅಡುಗೆಮನೆಗೆ ಹೋಗುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಹದಿನೈದು ದಿನ ಅಂಗಡಿ ಮುಚ್ಚಿ ಕೂತಿದ್ದ ಅಜ್ಜ ಒಮ್ಮೆ ತಲೆಯೆತ್ತಿ ನೋಡಿದ. ಮೊಮ್ಮಗಳು ತಪ್ಪದೆ ಕೀ ಕೊಟ್ಟಿದ್ದರೂ ಗಡಿಯಾರ ಅರ್ಧ ಗಂಟೆ ಹಿಂದೆ ಬಿದ್ದಿತ್ತು. ಸ್ಟೂಲ್ ಹತ್ತಿ ಗಾಜಿನ ಬಾಗಿಲು ತೆಗೆದ. ದೊಡ್ಡ ಮುಳ್ಳಿನ ತುದಿಗೆ ಹಿಟ್ಟು ಅಂಟಿ ಒಣಗಿತ್ತು.

ಆಗ ನೆನಪಾಯಿತು. ಯಾವ ಕಾಲದಲ್ಲೋ ಅವಳು ಹೇಳಿದ್ದಳು: "ರೀ, ಇದು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳ್ತಿದೆ, ಸ್ವಲ್ಪ ನೋಡಿ."

"ನಾಳೆ ನೋಡ್ತೀನಿ," ಎಂದಿದ್ದ ಅವನು.

ಅವಳು ಮತ್ತೆ ಕೇಳಿರಲಿಲ್ಲ. ದಿನಾ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ, ರೇಡಿಯೋ ಸಮಯ ಹೇಳುತ್ತಿದ್ದಂತೆ, ಹಿಟ್ಟು ಕಲಸುವುದನ್ನು ಅರ್ಧಕ್ಕೇ ಬಿಟ್ಟು ಬಂದು ಮುಳ್ಳನ್ನು ಎರಡು ನಿಮಿಷ ಮುಂದೆ ತಳ್ಳಿದ್ದಳು. ಮೂವತ್ತು ವರ್ಷ!

ಸ್ಟೂಲ್ ಹಿಡಿದು ನಿಂತಿದ್ದ ಮೊಮ್ಮಗಳು ಒದ್ದೆ ಬಟ್ಟೆ ಚಾಚಿದಳು. "ಅಜ್ಜ, ಮುಳ್ಳಿಗೆ ಏನೋ ಅಂಟಿದೆ, ಒರೆಸಿಬಿಡು."

ಅಜ್ಜ ಹಿಟ್ಟಿಗೆ ಕೈ ತಾಗದಂತೆ ಮುಳ್ಳನ್ನು ಅರ್ಧ ಗಂಟೆ ಮುಂದೆ ಸರಿಸಿ, ಗಾಜಿನ ಬಾಗಿಲು ಮುಚ್ಚಿದ.

"ನಾಳೆ ನೋಡ್ತೀನಿ," ಎಂದ.