ಲಾರಿಯ ಕೆಳಗೆ ಬಿಟ್ಟ ಚಪ್ಪಲಿ

ನಿಂತ ಲಾರಿ ಕಂಡರೆ ನಾನು ಮೊದಲು ಅದರ ಬಾಗಿಲ ಕೆಳಗಿನ ನೆಲ ನೋಡುತ್ತೇನೆ. ಉಳಿದವರು ಲಾರಿಯ ಹಣೆಯ ಮೇಲಿನ ದೇವರ ಹೆಸರು ಓದುತ್ತಾರೆ, ಬೆನ್ನ ಮೇಲಿನ ಪ್ರೇಮದ ಸಾಲು ಓದಿ ನಗುತ್ತಾರೆ. ನನ್ನ ಕಣ್ಣು ಮಾತ್ರ ನೆಲಕ್ಕೆ ಹೋಗುತ್ತದೆ, ಅಲ್ಲಿ ಯಾರಾದರೂ ಚಪ್ಪಲಿ ಬಿಟ್ಟಿದ್ದಾರೆಯೇ ಎಂದು. ಖಜಾನೆ ಕಚೇರಿಯ ಗುಮಾಸ್ತನಾದ ನಾನು, ಕನ್ನಡಕದವನು, ತುಮಕೂರಿನ ಶಿರಾ ಗೇಟಿನ ಗದ್ದಲದಲ್ಲಿ ಬಗ್ಗಿ ಬಗ್ಗಿ ನೋಡುವುದನ್ನು ಕಂಡು ಒಬ್ಬ ಡ್ರೈವರ್ "ಏನ್ ಸಾರ್, ಏನಾರ ಕಳ್ಕೊಂಡ್ರಾ?" ಎಂದು ಕೇಳಿದ್ದೂ ಉಂಟು. ಕಳೆದುಕೊಂಡದ್ದು ನಿಜ. ಆದರೆ ಅದು ಬಹಳ ಹಿಂದಿನ ಮಾತು, ಅವನಿಗೋ ಲೋಡಿನ ಅವಸರ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುಭಾಗ. ನಾವು ಗುಬ್ಬಿಯಲ್ಲಿದ್ದೆವು. ಅಪ್ಪನದು ಪೇಟೆಬೀದಿಯಲ್ಲಿ ಒಂದು ಟೈಲರ್ ಅಂಗಡಿ. ಅವನ ಕೊರಳಲ್ಲಿ ಲಿಂಗದ ಜೊತೆಗೆ ಅಳತೆಯ ಟೇಪೂ ಸದಾ ಇರುತ್ತಿತ್ತು. ಎರಡರಲ್ಲಿ ಯಾವುದರ ಮೇಲೆ ಹೆಚ್ಚು ಭಕ್ತಿ ಎಂದು ಕೇಳುವ ಧೈರ್ಯ ನಮಗೆ ಬರಲಿಲ್ಲ. ಅಮ್ಮ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದಳು. ಮನೆಯ ಯಜಮಾನಿಕೆ ಅಪ್ಪನ ಅಕ್ಕನದು, ಎಂದರೆ ನಮ್ಮ ಸೋದರತ್ತೆಯದು. ನನ್ನ ಅಕ್ಕ ಗಿರಿಜಾ ಅಂಗಡಿಯ ಒಳಕೋಣೆಯಲ್ಲಿ ಕೂತು ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ನಾನು ತುಮಕೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ, ಮತ್ತು ಲೋಕದ ಎಲ್ಲ ವಿಷಯಗಳ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಂಡಿದ್ದೆ.

ಆಗ ಅಕ್ಕನಿಗೊಂದು ಸಂಬಂಧ ಬಂತು. ಹುಡುಗ ಸಿದ್ಧಲಿಂಗಪ್ಪ, ಕುಣಿಗಲ್ ತಾಲ್ಲೂಕು ಕೊತ್ತಗೆರೆಯವನು, ಲಾರಿ ಡ್ರೈವರ್. ಗುಬ್ಬಿಯ ಮೇಲೆ ಹೋಗುವಾಗ ಅಪ್ಪನ ಹತ್ತಿರ ಖಾಕಿ ಅಂಗಿ ಹೊಲಿಸಿಕೊಳ್ಳುತ್ತಿದ್ದವನು. ಅಂಗಿ ತೆಗೆದುಕೊಳ್ಳಲು ಬಂದಾಗ ಒಳಕೋಣೆಯ ಕಡೆ ಅವನ ಕಣ್ಣು ಹೋಗಿದ್ದಿರಬೇಕು. ಊರಿನ ಹಿರಿಯರೊಬ್ಬರ ಮೂಲಕ ಮರ್ಯಾದೆಯಾಗಿ ಕೇಳಿಸಿದ. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅದೊಂದು ವಾರ ಅವಳು ಹೊಲಿದ ಕಾಜಾಗಳು ಬಹಳ ಚೆನ್ನಾಗಿದ್ದವು ಎಂದು ಅಪ್ಪ ಆಮೇಲೆ ಹೇಳುತ್ತಿದ್ದ.

ಅತ್ತೆ ಮಾತ್ರ ಕೆಂಡವಾದಳು. "ಡ್ರೈವರ್‌ಗಾ? ಅವ್ನು ಮನೇಲಿ ಉಣ್ಣೋದ್ಕಿಂತ ರೋಡಲ್ಲಿ ಉಣ್ಣೋದೇ ಜಾಸ್ತಿ ಕಣೋ. ತಾಯಿಲ್ಲದ ಮಗಾನ ಅಂಥೋನಿಗೆ ಕೊಟ್ಟು, ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?" ಎಂದಳು. ನನ್ನ ಬಳಿ ಎರಡು ಉತ್ತರಗಳಿದ್ದವು, ಒಂದಕ್ಕೊಂದು ವಿರುದ್ಧವಾದವು. ನನ್ನನ್ನು ಯಾರೂ ಕೇಳಲಿಲ್ಲ.

ಈ ಉದ್ಯೋಗದ ವಿಷಯ ಯೋಚಿಸಿದಾಗ ನನಗೆ ಈಗಲೂ ವಿಚಿತ್ರವೆನಿಸುತ್ತದೆ. ನಮ್ಮ ಮನೆಯ ಉಪ್ಪು, ಸೀಮೆಎಣ್ಣೆ, ಅಪ್ಪ ಕತ್ತರಿಸುವ ಬಟ್ಟೆಯ ಥಾನು, ಕೊನೆಗೆ ಅತ್ತೆ ಬಾಯಾಡಿಸುವ ಹೊಗೆಸೊಪ್ಪು, ಎಲ್ಲ ಬಂದದ್ದು ಲಾರಿಯಲ್ಲೇ. ತಂದವನನ್ನು ಮಾತ್ರ ಹೊರಬಾಗಿಲಲ್ಲೇ ಮಾತಾಡಿಸಿ ಕಳಿಸುವುದು. ನಮ್ಮ ಕಡೆಯ ಹಳೆಯ ಶಾಸನಗಳನ್ನು ನೋಡಿ. ದಾನ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಅಕ್ಷರ ಕೊರೆದ ರೂವಾರಿಯೂ ಕೆಲವು ಸಲ ಕೊನೆಯಲ್ಲಿ ತನ್ನ ಹೆಸರು ಸೇರಿಸಿಬಿಡುತ್ತಾನೆ. ಆ ಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಬಂದವನ ಹೆಸರು ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ. ಅಪ್ಪನ ಕಷ್ಟ ಇನ್ನೂ ದೊಡ್ಡದು. ಅವನು ಮಠದ ಭಕ್ತ. ಎಲ್ಲ ಕಾಯಕವೂ ಸಮ ಎಂದು ಪ್ರವಚನದಲ್ಲಿ ಕೇಳಿ ತಲೆದೂಗಿದವನು. ಪ್ರವಚನದ ಪೆಂಡಾಲಿನಲ್ಲಿ ಸಮವಾಗಿದ್ದ ಕಾಯಕಗಳು ಮಗಳ ಮದುವೆಯ ಮಾತು ಬಂದ ಕೂಡಲೇ ಏಕೆ ಮೇಲೆ ಕೆಳಗೆ ಆಗುತ್ತವೆ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ಕಡೆಗೆ ಅಪ್ಪ ಒಂದು ತೀರ್ಮಾನಕ್ಕೆ ಬಂದ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವ ಪದ್ಧತಿ ಇದೆಯಲ್ಲ, ಅದನ್ನು ಬಸ್ಸಿನಲ್ಲಿ ಹೋಗಿ ಮಾಡುವುದು ಬೇಡ, ಹುಡುಗನ ಲಾರಿಯಲ್ಲೇ ಹೋಗೋಣ ಎಂದ. "ಅವ್ನು ಇರೋದು ಲಾರೀಲಿ. ಬರೀ ಕೊತ್ತಗೆರೆ ಮನೆ ನೋಡಿ ಏನು ಮಾಡ್ಲಿ? ಅಳತೆ ತಗೊಳ್ದೆ ಬಟ್ಟೆ ಕತ್ತರಿಸೋಕಾಗಲ್ಲ" ಎಂದು ಅತ್ತೆಗೆ ಹೇಳಿ, ನನ್ನನ್ನು ಜೊತೆಗೆ ಕರೆದುಕೊಂಡು ಹೊರಟ.

ಶಿರಾ ಗೇಟಿನಲ್ಲಿ ಲಾರಿ ಕಡಲೆಕಾಯಿ ಹಿಂಡಿಯ ಮೂಟೆ ಹೇರಿಕೊಂಡು ನಿಂತಿತ್ತು. ಕುಣಿಗಲ್‌ನಲ್ಲಿ ಇಳಿಸಬೇಕಾದ ಮಾಲು. ಸಿದ್ಧಲಿಂಗಪ್ಪ "ಶರಣು ಯಜಮಾನ್ರೆ, ಹತ್ಕೊಳಿ" ಎಂದು ಎಡಗಡೆಯ ಬಾಗಿಲು ತೆಗೆದುಕೊಟ್ಟು, ತಾನು ಆ ಕಡೆಯಿಂದ ಹತ್ತಲು ಹೋದ. ಅಪ್ಪ ಒಳಗೆ ಕಣ್ಣಾಡಿಸಿದ. ಗಾಜಿನ ಮೇಲೆ ಯಡಿಯೂರು ಸಿದ್ಧಲಿಂಗೇಶ್ವರನ ಪಟ, ಪಟಕ್ಕೆ ವಿಭೂತಿ, ಮಲ್ಲಿಗೆ ಹೂವಿನ ಸರ, ಆಗತಾನೆ ಹಚ್ಚಿದ ಊದುಬತ್ತಿ. ಅಪ್ಪ ಕೈಮುಗಿದ. ಆಮೇಲೆ ಚಪ್ಪಲಿ ಕಳಚಿ, ಜೋಡಿಯಾಗಿ ನೆಲದ ಮೇಲಿಟ್ಟು, ಬರಿಗಾಲಲ್ಲಿ ಹತ್ತಿ ಕೂತ. ಅಪ್ಪ ಬಿಟ್ಟನೆಂದು ನಾನೂ ಅವುಗಳ ಪಕ್ಕದಲ್ಲೇ ನನ್ನವನ್ನು ಬಿಟ್ಟು ಹತ್ತಿದೆ. ಮನೆಯಾಗಿದ್ದರೆ ಅದು ಸರಿಯಾದ ನಡತೆ. ಮನೆ ಇದ್ದಲ್ಲೇ ಇರುತ್ತದೆ, ಲಾರಿ ಹೊರಟುಬಿಡುತ್ತದೆ ಎಂಬ ಸಣ್ಣ ವ್ಯತ್ಯಾಸ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹೆಬ್ಬೂರಿನಲ್ಲಿ, ಟೀ ಕುಡಿಯಲು ಇಳಿಯುವಾಗ. ಅಪ್ಪ ಕೂತಲ್ಲೇ ಕಾಲಿನಿಂದ ಅಡಿಯಲ್ಲೆಲ್ಲ ತಡಕಾಡಿದ. ಆಮೇಲೆ ನನ್ನ ಮುಖ ನೋಡಿದ. ಸಿದ್ಧಲಿಂಗಪ್ಪನಿಗೆ ವಿಷಯ ತಿಳಿದಾಗ ನಗು ಬಂದಿತ್ತು, ಆದರೆ ಮಾವನಾಗಬಹುದಾದವನ ಎದುರು ನಗುವುದು ಹೇಗೆ? ತುಟಿ ಕಚ್ಚಿಕೊಂಡು ಸೀಟಿನ ಅಡಿಯಿಂದ ತನ್ನ ಚಪ್ಪಲಿ ತೆಗೆದು ಅಪ್ಪನ ಕಾಲ ಬಳಿ ಇಟ್ಟ. "ನಾನು ಓಡಿಸೋದು ಬರಿಗಾಲಲ್ಲೇ, ನಂಗೆ ರೂಢಿ ಐತೆ, ನೀವು ಮೆಟ್ಕೊಳಿ" ಎಂದ. ಅವನ ಪಾದ ದೊಡ್ಡದು. ಜೀವಮಾನವೆಲ್ಲ ಊರವರಿಗೆ ಅಳತೆಗೆ ಸರಿಯಾಗಿ ಹೊಲಿದುಕೊಟ್ಟ ಅಪ್ಪ ಆ ಚಪ್ಪಲಿಯಲ್ಲಿ ಟಪ್ ಟಪ್ ಎಂದು ಸದ್ದು ಮಾಡುತ್ತ ಹೋಟೆಲಿಗೆ ನಡೆದ. ನಾನು ಕಾದ ನೆಲದ ಮೇಲೆ ಕುಣಿಯುತ್ತ ಹಿಂಬಾಲಿಸಿದೆ.

ಹೆಬ್ಬೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ತಿರುವಿನಲ್ಲಿ ಒಂದು ಲಾರಿ ಮಗುಚಿ ಬಿದ್ದಿತ್ತು. ಡ್ರೈವರನನ್ನು ಬೇರೆ ಯಾವುದೋ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಬದುಕುತ್ತಾನೋ ಇಲ್ಲವೋ, ಅಲ್ಲಿ ನಿಂತಿದ್ದವರಿಗೆ ಗೊತ್ತಿರಲಿಲ್ಲ. ಸಿದ್ಧಲಿಂಗಪ್ಪ ಗಾಡಿ ಪಕ್ಕಕ್ಕೆ ನಿಲ್ಲಿಸಿ ಇಳಿದ. ನೆತ್ತಿಯ ಮೇಲಿನ ಬಿಸಿಲು, ಕಾದ ಟಾರು, ಅವನದು ಬರಿಗಾಲು. ಒಡೆದ ಗಾಜನ್ನು ಒಂದು ಕಡ್ಡಿಯಿಂದ ಅಂಚಿಗೆ ತಳ್ಳಿದ. ರಸ್ತೆಯ ನಡುವೆ ಒಂದು ಚಪ್ಪಲಿ ಬಿದ್ದಿತ್ತು. ಅದನ್ನು ಎತ್ತಿಕೊಂಡ. ಇನ್ನೊಂದಕ್ಕಾಗಿ ಚರಂಡಿಗೆ ಇಳಿದು ಹುಡುಕಿ ತಂದ. ಎರಡನ್ನೂ ಹೊಂಗೆಮರದ ಬುಡದಲ್ಲಿ ಜೋಡಿಸಿಟ್ಟು ಬಂದು ಕೂತ.

"ಯಾಕಪ್ಪಾ ಹಂಗೆ ಇಟ್ಟೆ?" ಎಂದು ಅಪ್ಪ ಕೇಳಿದ.

"ರೋಡಲ್ಲೇ ಬುಟ್ರೆ ಇನ್ನೊಂದು ಗಾಡಿ ಹತ್ತುತ್ತೆ ಯಜಮಾನ್ರೆ. ನಾವು ಡ್ರೈವರ್‌ಗಳು ಯಾರೂ ಹಂಗೆ ಬುಡಲ್ಲ. ಅವ್ನು ಮನೆಗೆ ಹೋಗುವಾಗ ಬೇಕಲ್ಲ, ಹಾಕ್ಕೊಳಕ್ಕೆ."

ನನಗೆ ಭಯವಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಕ್ಕದಲ್ಲಿ ಕೂತು ಓಡಿಸುತ್ತಿದ್ದವನು ಅಕ್ಕನ ಗಂಡನಾಗಬೇಕಾದವನು ಎಂಬುದು ಆವರೆಗೆ ಒಂದು ಚರ್ಚೆಯ ವಿಷಯವಾಗಿತ್ತು. ಆಗ ಅದು ಒಬ್ಬ ಮನುಷ್ಯನ ವಿಷಯವಾಯಿತು.

ಕುಣಿಗಲ್‌ನಲ್ಲಿ ಮೂಟೆ ಇಳಿಸಿ ಕೊತ್ತಗೆರೆಗೆ ಹೋದೆವು. ಲಾರಿಯ ಸದ್ದಿಗೆ ಅವನ ತಾಯಿ ಬಾಗಿಲಿಗೆ ಬಂದಿದ್ದರು. ಬಂದ ನೆಂಟರನ್ನು ನೋಡುವ ಮೊದಲು ಅವರು ನೋಡಿದ್ದು ಮಗನ ಪಾದವನ್ನು. ಅವರ ಮುಖ ಬಿಳಿಚಿಕೊಂಡಿತು.

"ಚಪ್ಪಲಿ ಎಲ್ಲೋ?"

"ಯಜಮಾನ್ರ ಕಾಲಲ್ಲಿ ಅವೆ, ಬುಡವ್ವಾ. ಏನೂ ಆಗಿಲ್ಲ."

ಆಕೆ ಜಗಲಿಯ ಮೇಲೆ ಕೂತುಬಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತ, "ತಪ್ಪು ತಿಳ್ಕೋಬೇಡಿ ಸ್ವಾಮಿ. ಎದ್ದ ತಕ್ಷಣ ಬಾಗ್ಲಲ್ಲಿ ಇವನ ಚಪ್ಪಲಿ ಅದಾವಾ ಅಂತ ನೋಡೋದು ನಂಗೆ ಅಭ್ಯಾಸ" ಎಂದರು. ಮನೆ ಚೆನ್ನಾಗಿತ್ತು, ಹಸು ಇತ್ತು, ಊಟಕ್ಕೆ ಹೋಳಿಗೆ ಮಾಡಿದ್ದರು. ಅಪ್ಪ ಅದಾವುದನ್ನೂ ನೋಡಿದಂತೆ ಕಾಣಲಿಲ್ಲ. ಆ ತಾಯಿಯ ಮುಖವನ್ನೇ ಮತ್ತೆ ಮತ್ತೆ ನೋಡುತ್ತಿದ್ದ. ತನ್ನ ಮಗಳಿಗೆ ಈ ಮನೆಯಿಂದ ಏನು ಬರಲಿದೆ ಎಂಬುದು ಅವನಿಗೆ ಅಲ್ಲಿ ಗೊತ್ತಾಗಿತ್ತು.

ಬಸ್ಸಿನಲ್ಲಿ ವಾಪಸಾದೆವು. ಸಿದ್ಧಲಿಂಗಪ್ಪ ಬಿಡದೆ ಬಲವಂತ ಮಾಡಿದ್ದರಿಂದ ಅಪ್ಪ ಆ ದೊಡ್ಡ ಚಪ್ಪಲಿಯಲ್ಲೇ ಗುಬ್ಬಿಗೆ ಬಂದ. ಅತ್ತೆ ಹಣೆ ಚಚ್ಚಿಕೊಂಡಳು. "ಮನೆ ನೋಡ್ಕೊಂಡ್ ಬಾ ಅಂದ್ರೆ ಹುಡುಗನ ಚಪ್ಪಲಿ ಮೆಟ್ಕೊಂಡ್ ಬಂದಿದೀಯಲ್ಲೋ! ಇನ್ನು ಬೇಡ ಅನ್ನೋದು ಹೆಂಗೆ?" ಅಪ್ಪ ಅಕ್ಕನನ್ನು ಕರೆದು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದ. ಮಗುಚಿದ ಲಾರಿಯನ್ನು ಬಿಡಲಿಲ್ಲ, ಆ ತಾಯಿಯ ಮುಖವನ್ನೂ ಬಿಡಲಿಲ್ಲ. "ಕೆಲ್ಸ ಒಳ್ಳೇದೋ ಕೆಟ್ಟದ್ದೋ ನಂಗೆ ಹೇಳಕ್ಕೆ ಬರ್ತಿಲ್ಲ ಕಣವ್ವಾ. ಹುಡುಗ ಒಳ್ಳೆಯವ್ನು. ನೀನೇ ಹೇಳು" ಎಂದ.

ಅಕ್ಕ ಒಂದೇ ಮಾತು ಕೇಳಿದಳು. "ಆ ಬಿದ್ದಿದ್ದ ಲಾರಿ ನೋಡಿದ್ಮೇಲೆ ಗಾಡಿ ಹೆಂಗೆ ಓಡಿಸಿದ್ರು ಅಪ್ಪಾ?"

ಅಪ್ಪ ನೆನಪು ಮಾಡಿಕೊಂಡ. "ನಿಧಾನ. ಮನೆ ಮುಟ್ಟೋವರ್ಗೂ ನಿಧಾನ."

"ಹಂಗಾದ್ರೆ ಆಗ್ಲಿ" ಎಂದು ಅಕ್ಕ ಎದ್ದು ಒಳಗೆ ಹೋದಳು.

ನಮ್ಮ ಚಪ್ಪಲಿಗಳು ಶಿರಾ ಗೇಟಿನಲ್ಲಿ ಸಿಗಲಿಲ್ಲ. ಮದುವೆ ಆಯಿತು. ನಾನು ಖಜಾನೆ ಕಚೇರಿ ಸೇರಿದೆ. ನನ್ನ ಉದ್ಯೋಗ ಯೋಗ್ಯವೇ ಎಂದು ಹೆಣ್ಣು ಕೊಟ್ಟವರು ಕೇಳಲೇ ಇಲ್ಲ. ನಾನು ಕೂರುವ ಕುರ್ಚಿಯನ್ನು ನೋಡಿಕೊಂಡು ಹೋಗಲು ಯಾರೂ ಬರಲಿಲ್ಲ. ದಿನಾ ಸಂಜೆ ಅದೇ ಹೊತ್ತಿಗೆ ಮನೆಗೆ ಬಂದು ಚಪ್ಪಲಿ ಬಿಡುತ್ತೇನೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದರೆ ಮೊರದಿಂದ ತಲೆ ಎತ್ತುವುದೂ ಇಲ್ಲ. ಒಳ್ಳೆಯ ಕೆಲಸ ಎಂದರೆ ಅದೇ ಇರಬಹುದು, ಬಂದೇ ಬರುತ್ತಾನೆ ಎಂದು ಮನೆಯವರು ಮರೆತು ಕೂರಬಹುದಾದ ಕೆಲಸ. ಹಾಗೆಂದು ಅಂದುಕೊಂಡಾಗಲೆಲ್ಲ ನನಗೆ ಒಳಗೆಲ್ಲೋ ಸ್ವಲ್ಪ ಪಿಚ್ಚೆನಿಸುತ್ತದೆ.

ಹೋದ ವರ್ಷ ಕೊತ್ತಗೆರೆಗೆ ಹೋಗಿದ್ದೆ. ಭಾವ ಲೋಡಿನ ಮೇಲೆ ಹೋಗಿದ್ದರು. ಅವರ ತಾಯಿ ಈಗಿಲ್ಲ. ಬಾಗಿಲು ನೋಡುವ ಕೆಲಸ ಅಕ್ಕನ ಪಾಲಿಗೆ ಬಂದಿದೆ. ಮಾತಿನ ನಡುವೆ ನಾನು, ಇಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು, ಕೇಳಿಯೇಬಿಟ್ಟೆ. "ಅಕ್ಕಾ, ಅವತ್ತು ಹೂಂ ಅಂದಿದ್ದು ಸರಿ ಅನ್ಸುತ್ತಾ?" ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಲಾರಿಯ ಸದ್ದಾಯಿತು. ಅಕ್ಕ ರಸ್ತೆಯ ಕಡೆ ಕಿವಿಗೊಟ್ಟಳು. ಅದು ನಿಲ್ಲದೆ ಮುಂದೆ ಹೋಯಿತು.

"ಅವ್ರು ರೋಡಲ್ಲಿರೋವಾಗ ಇದನ್ನ ಕೇಳ್ಬೇಡ ಕಣೋ" ಎಂದಳು. "ಮನೇಲಿದ್ದಾಗ ಬಂದು ಕೇಳು, ಹೇಳ್ತೀನಿ."

ಮೊನ್ನೆ ಮತ್ತೆ ಹೋದೆ, ಪ್ರಶ್ನೆಯನ್ನು ಸಿದ್ಧ ಮಾಡಿಕೊಂಡೇ. ಬಾಗಿಲಲ್ಲಿ ಭಾವನ ದೊಡ್ಡ ಚಪ್ಪಲಿಗಳಿದ್ದವು, ಒಂದು ಈ ಕಡೆ, ಒಂದು ಆ ಕಡೆ, ಅವಸರದಲ್ಲಿ ಕಳಚಿದಂತೆ. ಬಗ್ಗಿ ಅವನ್ನು ಜೋಡಿಸಿಟ್ಟು, ಪಕ್ಕದಲ್ಲಿ ನನ್ನವನ್ನು ಬಿಡುತ್ತಿದ್ದೆ. ಒಳಗೆ ಭಾವ ಏನೋ ಅಂದರು. ಅಕ್ಕ ನಕ್ಕಳು, ಚಿಕ್ಕಂದಿನಲ್ಲಿ ನಗುತ್ತಿದ್ದ ಹಾಗೆ, ದೊಡ್ಡದಾಗಿ. ನಾನು ಒಳಗೆ ಹೋಗಿ ನೀರು ಕೇಳಿದೆ. ಬೇರೇನೂ ಕೇಳಲಿಲ್ಲ.