ಬುಡವೆಲ್ಲ ಒಂದೇ ಕಡೆ

ಹೋದ ವಾರ ಶ್ರೀರಂಗಪಟ್ಟಣದಲ್ಲಿ ನಾಗಮಂಗಲದ ಬಸ್ಸು ಹತ್ತಿದ್ದೆ. ಪಾಂಡವಪುರ ದಾಟುತ್ತಿದ್ದಂತೆ ಬಸ್ಸು ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಕಿಟಕಿಯಿಂದ ಹಸಿ ಕಬ್ಬಿನ ವಾಸನೆ ನುಗ್ಗಿತು. ಬೇರೆಯವರಿಗೆ ಬಾಯಲ್ಲಿ ನೀರೂರಿಸುವ ವಾಸನೆ ಅದು. ನನಗೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನೆನಪಾದರು, ಕಿಟಕಿ ಮುಚ್ಚಿಬಿಟ್ಟೆ.

ಅವರಷ್ಟು ಚೆನ್ನಾಗಿ ಪಾಠ ಮಾಡುವವರನ್ನು ನಾನು ಆಮೇಲೆ ಕಂಡಿಲ್ಲ. ಇದನ್ನು ಹೇಳಲೇಬೇಕು. ತೆಂಗಿನ ಕರಟದೊಳಗೆ ಗೋಲಿ ಹಾಕಿ ಅಲ್ಲಾಡಿಸುತ್ತಿದ್ದರು. ಗೋಲಿ ಎತ್ತ ಓಡಿದರೂ ತಳಕ್ಕೇ ವಾಪಸು. ಅದು ಸ್ಥಿರ ಸಮತೋಲನ. ಆಮೇಲೆ ಕರಟ ಬೋರಲು ಹಾಕಿ, ನೆತ್ತಿಯ ಮೇಲೆ ಗೋಲಿ ನಿಲ್ಲಿಸುತ್ತಿದ್ದರು. ಯಾರಾದರೂ ಉಫ್ ಎಂದರೆ ಸಾಕು, ಉರುಳಿತು. ಅದು ಅಸ್ಥಿರ. "ಎರಡೂ ನಿಂತೇ ಇರ್ತವೆ ಕಣ್ರೋ, ತಳ್ಳಿ ನೋಡಿದ್ರೇನೇ ಗೊತ್ತಾಗೋದು" ಎನ್ನುತ್ತಿದ್ದರು.

ಅಪ್ಪ ನಮ್ಮೂರ ಯಜಮಾನರೊಬ್ಬರ ಟ್ರ್ಯಾಕ್ಟರು ಓಡಿಸುತ್ತಿದ್ದ. ಮೇಷ್ಟ್ರು ಬಾಡಿಗೆಗಿದ್ದದ್ದೂ ಅದೇ ಯಜಮಾನರ ಮನೆಯಲ್ಲಿ. ಒಂದು ಬೆಳಿಗ್ಗೆ ಅಪ್ಪ ಊಟಕ್ಕೆ ಹೋಗಿದ್ದಾಗ ಆಳುಗಳು ಟ್ರೈಲರಿಗೆ ಕಬ್ಬು ಹೇರುತ್ತಿದ್ದರು. ಹೊರೆಗಳನ್ನು ಅಡ್ಡಲಾಗಿ ಇಡುವಾಗ ಒಂದರ ಬುಡ ಎಡಕ್ಕಿದ್ದರೆ ಇನ್ನೊಂದರದ್ದು ಬಲಕ್ಕಿರಬೇಕು. ಕಬ್ಬಿನ ಭಾರವೆಲ್ಲ ಬುಡದಲ್ಲೇ. ಅವತ್ತು ಸಕ್ಕರೆ ಕಾರ್ಖಾನೆಯ ಸರದಿ ತಪ್ಪೀತೆಂದು ಯಜಮಾನರು ಪಕ್ಕದಲ್ಲೇ ನಿಂತು ಕೂಗಾಡುತ್ತಿದ್ದರು. ಅವಸರಕ್ಕೆ ಬುಡವೆಲ್ಲ ಎಡಕ್ಕೇ ಬಿದ್ದಿತ್ತು. ಶಾಲೆಗೆ ಹೊರಟಿದ್ದ ಮೇಷ್ಟ್ರು ನಿಂತು ನೋಡಿ, ಅದೇ ದಾರಿಯಲ್ಲಿ ಬರುತ್ತಿದ್ದ ನನ್ನನ್ನು ಕರೆದು ಮೆಲ್ಲಗೆ ಹೇಳಿದರು:

"ನೋಡಮ್ಮ, ಗುರುತ್ವಕೇಂದ್ರ ಎಡಕ್ಕೆ ಸರಿದೈತೆ. ನಾಲೆ ತಿರುವಲ್ಲಿ ಉರುಳ್ತದೆ."

"ಅಪ್ಪಂಗೆ ಯೋಳ್ಬುಟ್ಟು ಬತ್ತೀನಿ ಸಾ."

"ನಾನೇ ಹೇಳ್ತೀನಿ. ನೀನು ಸ್ಕೂಲಿಗೆ ನಡಿ."

ನಡೆದೆ. ಮೇಷ್ಟ್ರು ಹೇಳುತ್ತೇನೆ ಅಂದ ಮೇಲೆ ಮುಗಿಯಿತಲ್ಲ...

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ನಾಲೆಯ ತಿರುವಿನಲ್ಲಿ ಟ್ರೈಲರು ಎಡಕ್ಕೆ ಮಗುಚಿ ಟ್ರ್ಯಾಕ್ಟರನ್ನೂ ಎಳೆದುಕೊಂಡಿತ್ತು. ಅಪ್ಪನ ಕಾಲು ಅದರಡಿ ಸಿಕ್ಕಿ ಜಜ್ಜಿಹೋಗಿತ್ತು.

ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ, ತಪ್ಪು ಯಾರದೆಂದು ತೀರ್ಮಾನಿಸಲು ಅರಳಿಕಟ್ಟೆಯಲ್ಲಿ ಹಿರಿಯರು ಸೇರಿದರು. ಇವನೇ ಅಡ್ಡಾದಿಡ್ಡಿ ಓಡಿಸಿದ್ದು ಎಂದು ಯಜಮಾನರು ಹಟ ಹಿಡಿದರು. ನನಗೆ ಭಯವೇ ಇರಲಿಲ್ಲ, ಮೇಷ್ಟ್ರು ಬಂದಿದ್ದರಲ್ಲ. ಅವತ್ತು ಕಬ್ಬು ಹೇರಿದ್ದನ್ನು ನೋಡಿದ್ದಿರಾ ಎಂದು ಹಿರಿಯರು ಅವರನ್ನು ಕೇಳಿದರು. ಮೇಷ್ಟ್ರು ಯಜಮಾನರ ಮುಖ ನೋಡಿದರು.

"ನಾನು ಅವತ್ತು ಆ ಕಡೆ ಹೋಗೇ ಇರ್ಲಿಲ್ಲ."

"ಸುಳ್ಳು! ಉರುಳ್ತದೆ ಅಂದೋರು ನೀವೇ ಅಲ್ವಾ ಸಾ? ಅಪ್ಪಂಗೆ ಯೋಳ್ತೀನಿ ಅಂದೋರು ನೀವೇ ಅಲ್ವಾ?" ಎಂದು ನಾನು ಕಿರುಚಿದೆ.

ಗದರಿದ್ದು ಅಪ್ಪನೇ. "ಸುಮ್ಕಿರವ್ವ! ಮೇಷ್ಟ್ರು ಯಾಕ್ ಸುಳ್ ಯೋಳಾರು?" ಕೋಲೂರಿಕೊಂಡು ಎದ್ದು, ನನ್ನ ಪರವಾಗಿ ಅವರಿಗೆ ಕೈಮುಗಿದು ತಪ್ಪಾಯಿತು ಅಂದ. ಮೇಷ್ಟ್ರು ತಲೆಯಾಡಿಸಿ ಅದನ್ನೂ ಸ್ವೀಕರಿಸಿದರು. ಅವರು ಹೇಳಿದ ಸುಳ್ಳನ್ನು ಬೇಕಾದರೆ ಕ್ಷಮಿಸಿಯೇನು, ಆ ತಲೆಯಾಡಿಸಿದ್ದನ್ನು ಕ್ಷಮಿಸಲು ಇವತ್ತಿಗೂ ಆಗಿಲ್ಲ.

ಈಗ ಇಬ್ಬರೂ ಇಲ್ಲ. ಮೇಷ್ಟ್ರು ಕೆ.ಆರ್. ಪೇಟೆ ಕಡೆ ತೀರಿಕೊಂಡರೆಂದು ಗೊತ್ತಾದಾಗ ನಾನು ಹೋಗಲಿಲ್ಲ, ಆದರೂ ಅತ್ತುಬಿಟ್ಟೆ. ಅಪ್ಪ ಮತ್ತೆ ಸ್ಟೇರಿಂಗು ಮುಟ್ಟಲೇ ಇಲ್ಲ. "ಅವತ್ತು ಇನ್ನೊಸಿ ನಿಧಾನಕ್ಕೆ ತಿರುಗಿಸ್ಬೇಕಾಗಿತ್ತು ಕಣವ್ವ" ಎಂದು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದ. ತಪ್ಪು ನಿನ್ನದಲ್ಲಪ್ಪ ಎಂದು ಎಷ್ಟು ಸಲ ಬಿಡಿಸಿ ಹೇಳಿದೆನೋ ಲೆಕ್ಕವಿಲ್ಲ. ಸುಮ್ಮನೆ ನಗುತ್ತಿದ್ದ. ಮೇಷ್ಟ್ರು ಹೇಳಿದ್ದರೆ ನಂಬುತ್ತಿದ್ದ.